ಫ್ರೇಜರ್: ಡ್ಯಾಮ್ಸೆಲ್‌ಫ್ಲೈ ಗುರುತಿಸಲು ದಾರಿ ಮಾಡಿದ ವೈದ್ಯ

ಫ್ರೆಡರಿಕ್ ಚಾರ್ಲ್ಸ್ ಫ್ರೇಜರ್ 1880ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. ವೃತ್ತಿಯಿಂದ ವೈದ್ಯರು. ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಭಾರತಕ್ಕೆ ಬಂದು ಲೆಫ್ಟಿನೆಂಟ್ ಕರ್ನಲ್ ಹುದ್ದೆಗೇರಿದರು. ಬಿಡುವಿನಲ್ಲಿ ಬಲೆ ಹಿಡಿದು ಕೊಡಗು, ನೀಲಗಿರಿಗಳ ತೊರೆಗಳಲ್ಲಿ ಅಲೆದರು. 1918ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಭಾರತದ ಡ್ರ್ಯಾಗನ್‌ಫ್ಲೈಗಳ ಬಗ್ಗೆ ವರ್ಷಗಟ್ಟಲೆ ಬರೆದರು.

ನಮ್ಮ ಮಕ್ಕಳಿಗೆ ಇವೆಲ್ಲ ಏರೋಪ್ಲೇನ್ ಚಿಟ್ಟೆಗಳೇ. ಅವುಗಳಲ್ಲಿ ಸೂಜಿಯಂತೆ ತೆಳ್ಳಗಿದ್ದು, ಕುಳಿತಾಗ ರೆಕ್ಕೆಗಳನ್ನು ಬೆನ್ನ ಮೇಲೆ ಮಡಚಿಕೊಳ್ಳುವವು ಡ್ಯಾಮ್ಸೆಲ್‌ಫ್ಲೈಗಳು. ಅವುಗಳ ಕಣ್ಣುಗಳು ಒಂದಕ್ಕೊಂದು ಅಂಟಿರುವುದಿಲ್ಲ, ದೂರ ದೂರ ಇರುತ್ತವೆ. ಕಿರಿದಾದ ರೆಕ್ಕೆಯ ಸೀನಾಗ್ರಿಯೋನಿಡೇ ಎಂಬ ದೊಡ್ಡ ಕುಟುಂಬ ಇವುಗಳಲ್ಲೇ ಒಂದು.

ಫ್ರೇಜರ್ ಬರುವ ಹೊತ್ತಿಗೆ ಇವುಗಳಲ್ಲಿ ಹಲವಕ್ಕೆ ಹೆಸರಿತ್ತು. ಕೆರೆ ದಂಡೆಯ ಹಳದಿ ಡ್ಯಾಮ್ಸೆಲ್‌ಫ್ಲೈಗೆ ಫ್ಯಾಬ್ರಿಸಿಯಸ್ 1798ರಲ್ಲೇ ಕೋರಮಂಡಲ ತೀರದ ಹೆಸರಿಟ್ಟಿದ್ದರು. ಅದೇ ಸೆರಿಯಾಗ್ರಿಯಾನ್ ಕೋರಮಂಡೆಲಿಯಾನಮ್. ಆದರೆ ಯುರೋಪಿನ ಪಂಡಿತರು ನೋಡಿದ್ದು ಒಣಗಿದ ಮಾದರಿಗಳನ್ನು. ಸತ್ತ ಮೇಲೆ ಡ್ಯಾಮ್ಸೆಲ್‌ಫ್ಲೈಯ ನೀಲಿ, ಹಸಿರು ಬಣ್ಣಗಳು ಮಾಸುತ್ತವೆ. ನೀರಿನ ಬದಿ ನಿಂತವನಿಗೆ ಆ ವಿವರಣೆಗಳಿಂದ ಹೆಚ್ಚು ಉಪಯೋಗವಿರಲಿಲ್ಲ. ಹೆಸರಿಡುವುದು ಒಂದು ಕೆಲಸ, ಇನ್ನೊಬ್ಬರು ಗುರುತು ಹಿಡಿಯುವಂತೆ ಮಾಡುವುದು ಬೇರೆಯೇ ಕೆಲಸ. ಫ್ರೇಜರ್ ಎರಡನ್ನೂ ಮಾಡಿದರು, ಆದರೆ ಅಧ್ಯಾಪಕರಾಗುವ ನಮಗೆ ಎರಡನೆಯದೇ ಮುಖ್ಯ ಎಂದು ನನ್ನ ಅನಿಸಿಕೆ.

ಫೌನಾ ಆಫ್ ಬ್ರಿಟಿಷ್ ಇಂಡಿಯಾ ಮಾಲೆಯಲ್ಲಿ ಅವರ ಮೂರು ಸಂಪುಟಗಳು 1933, 1934 ಮತ್ತು 1936ರಲ್ಲಿ ಬಂದವು. ಡ್ಯಾಮ್ಸೆಲ್‌ಫ್ಲೈಗಳ ಈ ಕುಟುಂಬ ಮೊದಲ ಸಂಪುಟದಲ್ಲಿದೆ. ಎರಡೆರಡು ಲಕ್ಷಣಗಳನ್ನು ಎದುರುಬದುರು ಇಟ್ಟು, ಒಂದನ್ನು ಆರಿಸಿಕೊಂಡು ಮುಂದಿನ ಮೆಟ್ಟಿಲಿಗೆ ಹೋಗುವ ಕೀಲಿ ಪಟ್ಟಿಗಳು ಅದರಲ್ಲಿವೆ. ರೆಕ್ಕೆಯ ನರಗಳು, ಕಣ್ಣಿನ ಹಿಂದಿನ ಚುಕ್ಕೆ, ಗಂಡಿನ ಬಾಲದ ತುದಿಯ ಚಿಮಟದಂಥ ಭಾಗ, ಹೀಗೆ ಸಾಗುತ್ತದೆ. ಆ ಚಿಮಟದಿಂದಲೇ ಗಂಡು ಹೆಣ್ಣಿನ ಎದೆಯ ಮುಂಭಾಗವನ್ನು ಹಿಡಿಯುವುದು. ಜಾತಿಯಿಂದ ಜಾತಿಗೆ ಅದರ ಆಕಾರ ಬೇರೆ. ಇಷ್ಟು ಚಿಕ್ಕ ಅಂಗವನ್ನು ಇಷ್ಟು ತಾಳ್ಮೆಯಿಂದ ವಿವರಿಸಲು ವೈದ್ಯನ ಕಣ್ಣೇ ಬೇಕಿತ್ತೇನೋ!

ಪಶ್ಚಿಮ ಘಟ್ಟದ ಸ್ಯೂಡಾಗ್ರಿಯಾನ್ ಇಂಡಿಕಮ್‌ಗೆ 1924ರಲ್ಲಿ ಹೆಸರಿಟ್ಟವರು ಅವರೇ. ಜೀವವೈವಿಧ್ಯ ಎಂದೊಡನೆ ನಾವು ಪಾಠದಲ್ಲಿ ಹೇಳುವುದೂ ಘಟ್ಟದ ಕಾಡನ್ನೇ. ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳಿಗೆ ಅದು ಯಾರದ್ದೋ ಊರಿನ ಸಂಪತ್ತು. ಅಮರ್ಜಾ ಜಲಾಶಯ, ಭೀಮಾ ದಂಡೆ, ಹೊಲದ ಬಾವಿ ಇವರ ಪಕ್ಕದಲ್ಲೇ ಇವೆ. ದೇಶದ ಬಹುಭಾಗದಲ್ಲಿ ಸಾಮಾನ್ಯವಾಗಿರುವ ಜಾತಿಗಳನ್ನು ಅಲ್ಲಿ ಹುಡುಕಬಹುದು, ಕೀಲಿಯ ಕ್ರಮವನ್ನು ಅಲ್ಲೇ ಕಲಿಸಬಹುದು. ಬಾಲವೆಲ್ಲ ಹಳದಿ, ಗುರುತೇ ಇಲ್ಲ ಎಂದರೆ ಗಂಡು ಕೋರಮಂಡೆಲಿಯಾನಮ್. ಹಳದಿ ಬಾಲದ ತುದಿಯಲ್ಲಿ ನೀಲಿ ಇದ್ದರೆ ಇಶ್ನೂರಾ ರುಬಿಲಿಯೊ. ಬಾಲದ ಮೇಲ್ಭಾಗ ಕಪ್ಪಗಿದ್ದು, ಹತ್ತು ಖಂಡಗಳಲ್ಲಿ ಎಂಟನೆಯದು ನೀಲಿಯಾಗಿದ್ದರೆ ಇಶ್ನೂರಾ ಸೆನೆಗಲೆನ್ಸಿಸ್. ಮೂರು ಪ್ರಶ್ನೆ ಸಾಕು, ಪ್ರಯೋಗಾಲಯ ಬೇಡ.

ಫ್ರೇಜರ್ ಅವರನ್ನು ಹಾಗೆಯೇ ಅನುಕರಿಸಬೇಕಿಲ್ಲ. ಅವರು ಕೀಟಗಳನ್ನು ಕೊಂದು ಸಂಗ್ರಹಿಸಿದರು. ಅಂದಿನ ಪದ್ಧತಿ ಅದು. ನನ್ನ ಪಾಠ ಯೋಜನೆಯಲ್ಲಿ ಬಲೆ ಇಲ್ಲ, ನೋಟ್‌ಬುಕ್ ಮತ್ತು ಮೊಬೈಲ್ ಕ್ಯಾಮೆರಾ ಇವೆ. ಮಕ್ಕಳು ನೀರಿಗಿಳಿಯುವಂತಿಲ್ಲ. ಹೆಸರುಗಳನ್ನೂ ಪರಿಶೀಲಿಸಿಕೊಳ್ಳಬೇಕು, ಏಕೆಂದರೆ ನಮ್ಮ ರುಬಿಲಿಯೊ ಅವರ ಪುಸ್ತಕದಲ್ಲಿ ಇಶ್ನೂರಾ ಅರೋರಾ ಆಗಿದೆ. ಅವರು ಪರಾಡಳಿತದ ಸೇನೆಯ ಅಧಿಕಾರಿ ಎಂಬುದನ್ನೂ, ಆಗ ಕಲಬುರಗಿ ನಿಜಾಮರ ಸಂಸ್ಥಾನದಲ್ಲಿತ್ತು ಎಂಬುದನ್ನೂ ಇತಿಹಾಸದ ಪಾಠಕ್ಕೆ ಜೋಡಿಸಬಹುದು.

ಇಂಗ್ಲೆಂಡಿಗೆ ಮರಳಿದ ಮೇಲೂ ಅವರು ಸುಮ್ಮನಿರಲಿಲ್ಲ. 1949ರಲ್ಲಿ ಬ್ರಿಟನ್ನಿನ ಡ್ರ್ಯಾಗನ್‌ಫ್ಲೈ, ಡ್ಯಾಮ್ಸೆಲ್‌ಫ್ಲೈಗಳನ್ನು ಗುರುತಿಸುವ ಕೈಪಿಡಿ ಬರೆದರು. 1957ರಲ್ಲಿ ಇಡೀ ಗಣದ ವರ್ಗೀಕರಣವನ್ನೇ ಮರುಪರಿಶೀಲಿಸಿದ ಪುಸ್ತಕ ಬಂತು. 1963ರಲ್ಲಿ ತೀರಿಕೊಂಡರು.

ಹೆಣ್ಣುಗಳನ್ನು ಗುರುತಿಸುವುದು ಇಂದಿಗೂ ಕಷ್ಟ. ಸೆನೆಗಲೆನ್ಸಿಸ್‌ನಲ್ಲಿ ಕೆಲವು ಹೆಣ್ಣು ಗಂಡಿನ ಬಣ್ಣದಲ್ಲೇ ಇರುತ್ತವೆ, ಕೆಲವು ಬೇರೆ ಬಣ್ಣದವು. ಅದಕ್ಕೇ ನನ್ನ ವೀಕ್ಷಣಾ ಪಟ್ಟಿಯಲ್ಲಿ ಕೊನೆಗೊಂದು ಕಾಲಂ ಇಟ್ಟಿದ್ದೇನೆ: ಕಂಡಿದೆ, ಹೆಸರು ಇನ್ನೂ ತಿಳಿದಿಲ್ಲ.