ಆಕಾಶಮಾರ್ಗದ ಹರಿಕಾರ

ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಕಡೆಯಿಂದ ಎತ್ತಿನ ಬಂಡಿ ಕಟ್ಟಿಕೊಂಡು ಬಳ್ಳಾರಿಗೆ ಹೊರಟವರು ದಾರಿಯಲ್ಲೇ ರಾತ್ರಿಗಳನ್ನು ಕಳೆಯಬೇಕಾಗಿದ್ದ ಕಾಲವೊಂದಿತ್ತು. ಅಂತಹ ದಿನಗಳಲ್ಲಿ, 1932ರ ಅಕ್ಟೋಬರ್ ತಿಂಗಳಲ್ಲಿ, ದೂರದ ಕರಾಚಿಯಿಂದ ಮದರಾಸಿಗೆ ವಿಮಾನದಲ್ಲಿ ಸಾಗುತ್ತಿದ್ದ ಅಂಚೆಯ ಚೀಲಗಳು ಬಳ್ಳಾರಿಯಲ್ಲಿ ಒಂದು ರಾತ್ರಿ ತಂಗಿದವು. ಈ ಸಾಹಸದ ಹಿಂದೆ ಇದ್ದವರು ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ.

ಜೆ. ಆರ್. ಡಿ. ಎಂದೇ ಪ್ರಸಿದ್ಧರಾದ ಅವರು 1904ರ ಜುಲೈ 29ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಭಾರತೀಯ ಪಾರಸಿ. ತಾಯಿ ಫ್ರೆಂಚ್ ಮಹಿಳೆ. ಬಾಲ್ಯದಲ್ಲಿಯೇ ವಿಮಾನಗಳು ಅವರ ಮನಸ್ಸನ್ನು ಸೆರೆಹಿಡಿದವು. 1929ರ ಫೆಬ್ರವರಿ 10ರಂದು ಅವರು ಭಾರತದಲ್ಲಿ ನೀಡಲಾದ ಮೊತ್ತಮೊದಲ ವಿಮಾನಚಾಲಕ ಪರವಾನಗಿಯನ್ನು ಪಡೆದರು.

ಇಂಗ್ಲೆಂಡ್ ಮತ್ತು ಭಾರತಗಳ ನಡುವೆ ಒಂಟಿಯಾಗಿ ಹಾರುವ ಭಾರತೀಯನಿಗೆ ಆಗಾಖಾನರು ಬಹುಮಾನವನ್ನು ಘೋಷಿಸಿದರು. ಜೆ. ಆರ್. ಡಿ. ಕರಾಚಿಯಿಂದ ಹೊರಟರು. ಎದುರು ದಿಕ್ಕಿನಿಂದ ಬರುತ್ತಿದ್ದ ಆಸ್ಪಿ ಇಂಜಿನಿಯರ್ ಎಂಬ ತರುಣ ಈಜಿಪ್ಟಿನ ಅಬೂಕಿರ್‌ನಲ್ಲಿ ಸ್ಪಾರ್ಕ್ ಪ್ಲಗ್‌ಗಳಿಲ್ಲದೆ ಸಿಕ್ಕಿಬಿದ್ದಿದ್ದರು. ಪ್ರತಿಸ್ಪರ್ಧಿಯೆಂದು ಎಣಿಸದೆ ಜೆ. ಆರ್. ಡಿ. ತಮ್ಮಲ್ಲಿದ್ದ ಹೆಚ್ಚಿನ ಪ್ಲಗ್‌ಗಳನ್ನು ಅವರಿಗೆ ಕೊಟ್ಟರು. ಕೆಲವೇ ಗಂಟೆಗಳ ಅಂತರದಲ್ಲಿ ಬಹುಮಾನ ಆಸ್ಪಿಯವರ ಪಾಲಾಯಿತು. ಇದಕ್ಕಾಗಿ ಜೆ. ಆರ್. ಡಿ. ಎಂದೂ ಪರಿತಪಿಸಲಿಲ್ಲ.

ಆಗ ಇಂಗ್ಲೆಂಡಿನಿಂದ ವಿಮಾನದಲ್ಲಿ ಬರುತ್ತಿದ್ದ ಅಂಚೆ ಕರಾಚಿಯಲ್ಲಿ ಇಳಿಯುತ್ತಿತ್ತು. ಅದನ್ನು ಮುಂಬಯಿ, ಮದರಾಸುಗಳಿಗೆ ವಿಮಾನದಲ್ಲೇ ಒಯ್ಯುವ ಯೋಜನೆಯನ್ನು ನೆವಿಲ್ ವಿನ್‌ಸೆಂಟ್ ಎಂಬ ವಿಮಾನಚಾಲಕರು ಮುಂದಿಟ್ಟರು. ಜೆ. ಆರ್. ಡಿ. ಅದನ್ನು ಮನಸಾರೆ ಒಪ್ಪಿದರು. ಸರ್ಕಾರ ಸಹಾಯಧನ ನೀಡಲು ನಿರಾಕರಿಸಿತು. ಆದರೂ ಅವರು ಹಿಂಜರಿಯಲಿಲ್ಲ.

1932ರ ಅಕ್ಟೋಬರ್ 15ರಂದು ಬೆಳಗ್ಗೆ ಜೆ. ಆರ್. ಡಿ. ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮೇಲೇರಿದರು. ಮಾರ್ಗದರ್ಶನಕ್ಕೆ ರೇಡಿಯೋ ಇರಲಿಲ್ಲ. ಅಹಮದಾಬಾದಿನಲ್ಲಿ ಇಂಧನ ತುಂಬಿಸಿಕೊಂಡು, ಮಧ್ಯಾಹ್ನ ಮುಂಬಯಿಯ ಜುಹೂ ಬಯಲಿನಲ್ಲಿ ಇಳಿದರು. ಒಟ್ಟು ಏಳು ಗಂಟೆಗಳಿಗಿಂತ ತುಸು ಹೆಚ್ಚು ಕಾಲ ಹಿಡಿಯಿತು. ಅಲ್ಲಿಂದ ವಿನ್‌ಸೆಂಟರು ಅಂಚೆಯನ್ನು ಬಳ್ಳಾರಿಗೆ ತಂದು, ರಾತ್ರಿ ತಂಗಿ, ಮರುದಿನ ಮದರಾಸಿಗೆ ತಲುಪಿಸಿದರು. ಹೀಗೆ ಭಾರತದ ವಾಯುಸಾರಿಗೆಯ ಮೊದಲ ಪುಟದಲ್ಲಿ ಬಳ್ಳಾರಿಯ ಹೆಸರು ಸೇರಿತು.

ಈ ಕಿರಿಯ ಸಂಸ್ಥೆಯೇ 1946ರಲ್ಲಿ ಏರ್ ಇಂಡಿಯಾ ಆಯಿತು. 1948ರ ಜೂನ್ 8ರಂದು ಅದರ ವಿಮಾನ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. 1953ರಲ್ಲಿ ಸಂಸ್ಥೆ ರಾಷ್ಟ್ರೀಕರಣಗೊಂಡ ಮೇಲೂ ಜೆ. ಆರ್. ಡಿ. 1978ರವರೆಗೆ ಅದರ ಅಧ್ಯಕ್ಷರಾಗಿದ್ದರು. 1982ರಲ್ಲಿ, ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಒಂಟಿಯಾಗಿ ಹಾರಿ ಆ ಮೊದಲ ಯಾನದ ಸುವರ್ಣೋತ್ಸವವನ್ನು ಆಚರಿಸಿದರು. 1992ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಸಂದಿತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ಅವರು ನಿಧನರಾದರು.

ದೂರದ ಊರುಗಳನ್ನು ಹತ್ತಿರ ತಂದುದು ಅವರ ಸಾಧನೆ. ಸ್ಪರ್ಧೆಯ ನಡುವೆಯೂ ಎದುರಾಳಿಯ ಕೈಹಿಡಿದುದು ಅವರ ಹಿರಿಮೆ.