ಬೀಗ ಮಾಡುವವರ ಮಗ ಜಾರ್ಜ್ ಓಮ್

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದರೆ ವಿದ್ಯುತ್ ಮಗ್ಗಗಳ ಸದ್ದು ಕಿವಿ ತುಂಬುತ್ತದೆ. ಜಮಖಂಡಿ, ಮುಧೋಳ, ಬೀಳಗಿಯ ಕಬ್ಬಿನ ಹೊಲಗಳಿಗೆ ಪಂಪ್‌ಸೆಟ್ಟುಗಳು ನೀರೆತ್ತುತ್ತವೆ. ಬಾವಿ ದೂರವಿದ್ದು ತಂತಿ ಸಣ್ಣದಾದರೆ ಮೋಟಾರು ಸುಟ್ಟುಹೋಗುವ ಭಯವನ್ನು ನಮ್ಮ ರೈತರು ಬಲ್ಲರು. ಇದರ ಗುಟ್ಟು ಅಡಗಿರುವುದು ಬಡ ಶಾಲಾ ಮಾಸ್ತರರೊಬ್ಬರು ಕಂಡುಹಿಡಿದ ಒಂದು ಚಿಕ್ಕ ಲೆಕ್ಕದಲ್ಲಿ. ಅವರೇ ಜಾರ್ಜ್ ಸೈಮನ್ ಓಮ್.

ಓಮ್ ಜರ್ಮನಿಯ ಎರ್ಲಾಂಗನ್ ಊರಿನ ಪ್ರೊಟೆಸ್ಟೆಂಟ್ ಕುಟುಂಬವೊಂದರಲ್ಲಿ 1789ರ ಮಾರ್ಚ್ 16ರಂದು ಹುಟ್ಟಿದರು. ತಂದೆ ಬೀಗ ಮಾಡುವ ಕಸುಬಿನವರು, ತಾಯಿ ದರ್ಜಿಯ ಮಗಳು. ಹುಟ್ಟಿದ ಏಳು ಮಕ್ಕಳಲ್ಲಿ ಉಳಿದವರು ಮೂವರೇ. ಜಾರ್ಜ್‌ಗೆ ಹತ್ತು ವರ್ಷವಾದಾಗ ತಾಯಿಯೂ ತೀರಿಕೊಂಡರು. ತಂದೆ ಶಾಲೆಯಲ್ಲಿ ಹೆಚ್ಚು ಕಲಿತವರಲ್ಲ. ಆದರೆ ತಾವೇ ಪುಸ್ತಕ ಓದಿ ಗಣಿತ, ಭೌತವಿಜ್ಞಾನಗಳನ್ನು ಅರಿತು ಗಂಡುಮಕ್ಕಳಿಬ್ಬರಿಗೂ ಕಲಿಸಿದರು. ಇಬ್ಬರೂ ಮುಂದೆ ವಿದ್ವಾಂಸರಾದರು.

ಹದಿನಾರನೆಯ ವಯಸ್ಸಿಗೆ ಜಾರ್ಜ್ ವಿಶ್ವವಿದ್ಯಾಲಯ ಸೇರಿದರು. ಆದರೆ ಅಲ್ಲಿ ಪಾಠಕ್ಕಿಂತ ಕುಣಿತ, ಬಿಲಿಯರ್ಡ್ಸ್ ಮತ್ತು ಹಿಮದ ಮೇಲಿನ ಜಾರಾಟವೇ ಹೆಚ್ಚಾಯಿತು. ಬೆವರು ಸುರಿಸಿ ಓದಿಸುತ್ತಿದ್ದ ತಂದೆಯ ಮನಸ್ಸು ನೊಂದಿತು. ಅವರು ಮಗನ ಓದನ್ನು ನಿಲ್ಲಿಸಿ ಸ್ವಿಟ್ಜರ್ಲೆಂಡಿಗೆ ಕಳುಹಿಸಿದರು. 1806ರಲ್ಲಿ, ಇನ್ನೂ ಹದಿನೇಳರ ಹರೆಯದ ಹುಡುಗ ಅಲ್ಲಿ ಗಣಿತದ ಮಾಸ್ತರನಾದ. ಆ ಪೆಟ್ಟು ಅವನನ್ನು ತಿದ್ದಿತು. ಸ್ವಂತವಾಗಿ ಅಭ್ಯಾಸ ಮಾಡಿ 1811ರಲ್ಲಿ ಊರಿಗೆ ಮರಳಿ ಡಾಕ್ಟರೇಟ್ ಪಡೆದ.

ಆದರೂ ಬಡತನ ಬಿಡಲಿಲ್ಲ. 1817ರಲ್ಲಿ ಕೊಲೋನ್ ನಗರದಲ್ಲಿ, ಹಿಂದೆ ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಶಾಲೆಯಲ್ಲಿ ಓಮ್ ಅವರಿಗೆ ಕೆಲಸ ದೊರಕಿತು. ಅಲ್ಲಿ ಪ್ರಯೋಗಕ್ಕೆ ಬೇಕಾದ ಸಲಕರಣೆಗಳಿದ್ದವು. ಬೀಗದ ಕೆಲಸದ ಮನೆಯಲ್ಲಿ ಬೆಳೆದವರ ಕೈಗೆ ಲೋಹವೇನು ಹೊಸದೇ? ಒಂದೇ ದಪ್ಪದ, ಬೇರೆ ಬೇರೆ ಉದ್ದದ ತಂತಿಗಳಲ್ಲಿ ವಿದ್ಯುತ್ತನ್ನು ಹರಿಸಿ, ಅಯಸ್ಕಾಂತದ ಸೂಜಿ ಎಷ್ಟು ತಿರುಗುತ್ತದೆಂದು ಅಳೆದರು.

1825ರಲ್ಲಿ ಅವರು ಪ್ರಕಟಿಸಿದ ಮೊದಲ ಸೂತ್ರ ತಪ್ಪಾಗಿತ್ತು. ಬಳಸಿದ ಬ್ಯಾಟರಿಯ ಬಲ ಸ್ಥಿರವಾಗಿರುತ್ತಿರಲಿಲ್ಲ. ಅವರು ತಪ್ಪನ್ನು ಮುಚ್ಚಿಡದೆ ಮತ್ತೆ ಮೊದಲಿನಿಂದ ಆರಂಭಿಸಿದರು. ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಜೋಡಿಸಿ, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಸ್ಥಿರವಾದ ವಿದ್ಯುತ್ತನ್ನು ಪಡೆದರು. ಆಗ ನಿಯಮ ಸ್ಪಷ್ಟವಾಯಿತು: ವೋಲ್ಟೇಜ್ ಹೆಚ್ಚಿದಷ್ಟೂ ಪ್ರವಾಹ ಹೆಚ್ಚುತ್ತದೆ, ತಂತಿಯ ರೋಧ ಹೆಚ್ಚಿದಷ್ಟೂ ಪ್ರವಾಹ ಕುಗ್ಗುತ್ತದೆ.

ಮನೆಯ ಇಸ್ತ್ರಿಪೆಟ್ಟಿಗೆಯನ್ನೇ ನೋಡೋಣ. ವೋಲ್ಟೇಜ್ 230, ಹರಿಯುವ ಪ್ರವಾಹ 5 ಆಂಪಿಯರ್ ಎಂದಿಟ್ಟುಕೊಳ್ಳಿ. 230ನ್ನು 5ರಿಂದ ಭಾಗಿಸಿದರೆ ರೋಧ 46 ಓಮ್. 230ನ್ನು 5ರಿಂದ ಗುಣಿಸಿದರೆ ಸಾಮರ್ಥ್ಯ 1150 ವ್ಯಾಟ್. ಒಂದು ತಾಸು ಹಚ್ಚಿದರೆ ಮೀಟರಿನಲ್ಲಿ 1.15 ಯೂನಿಟ್.

ಈಗ ಹೊಲಕ್ಕೆ ಬನ್ನಿ. ತಂತಿ ಉದ್ದವಾದಷ್ಟೂ ಸಣ್ಣದಾದಷ್ಟೂ ಅದರ ರೋಧ ಹೆಚ್ಚು. 2 ಓಮ್ ರೋಧದ ತಂತಿಯಲ್ಲಿ 5 ಆಂಪಿಯರ್ ಹರಿದರೆ 10 ವೋಲ್ಟ್ ದಾರಿಯಲ್ಲೇ ಕಳೆದುಹೋಗಿ, 50 ವ್ಯಾಟ್ ಬರಿಯ ಶಾಖವಾಗುತ್ತದೆ. ಪ್ರವಾಹ ಇಮ್ಮಡಿಯಾದರೆ ಆ ಶಾಖ ನಾಲ್ಕು ಪಟ್ಟು. ವೋಲ್ಟೇಜ್ ತೀರ ಇಳಿದಾಗ ಅದೇ ಕೆಲಸಕ್ಕೆ ಮೋಟಾರು ಹೆಚ್ಚು ಪ್ರವಾಹ ಎಳೆದು ಸುಡುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಸಾಗಿಸಿದ್ದು ಹೆಚ್ಚಿನ ವೋಲ್ಟೇಜಿನಲ್ಲಿಯೇ. ವೋಲ್ಟೇಜ್ ಏರಿಸಿದರೆ ಪ್ರವಾಹ ಕಡಿಮೆ ಸಾಕು, ನಷ್ಟವೂ ಕಡಿಮೆ.

ಇಷ್ಟು ಉಪಕಾರಿಯಾದ ನಿಯಮಕ್ಕೆ ಅಂದು ಮನ್ನಣೆ ಸಿಗಲಿಲ್ಲ. ಓಮ್ ಅರ್ಧ ಸಂಬಳದ ಮೇಲೆ ಒಂದು ವರ್ಷ ರಜೆ ಪಡೆದು, ಬರ್ಲಿನ್ನಿನಲ್ಲಿ ತಮ್ಮ ಮಾರ್ಟಿನ್ ಬಳಿ ಇದ್ದು, 1827ರಲ್ಲಿ ಪುಸ್ತಕವನ್ನು ಹೊರತಂದರು. ಅದರಿಂದ ವಿಶ್ವವಿದ್ಯಾಲಯದ ಹುದ್ದೆ ದೊರೆಯಬಹುದೆಂಬ ಆಸೆಯಿತ್ತು. ಪಂಡಿತರು ತಣ್ಣಗೆ ಉಳಿದರು. ಮನನೊಂದ ಅವರು 1828ರಲ್ಲಿ ಇದ್ದ ಕೆಲಸವನ್ನೂ ಬಿಟ್ಟು, ಪಾಠ ಹೇಳಿಕೊಂಡು ದಿನ ದೂಡಿದರು. 1833ರಲ್ಲಿ ನ್ಯೂರೆಂಬರ್ಗಿನಲ್ಲಿ ಕೆಲಸ ಸಿಕ್ಕಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕವಿತ್ತು ಗೌರವಿಸಿತು. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕ ಪೀಠ ದೊರೆತದ್ದು 1852ರಲ್ಲಿ. ಎರಡೇ ವರ್ಷಗಳಲ್ಲಿ, 1854ರ ಜುಲೈ 6ರಂದು, ಅವಿವಾಹಿತರಾಗಿಯೇ ಉಳಿದಿದ್ದ ಅವರು ಕಣ್ಣುಮುಚ್ಚಿದರು.

1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ಸಮ್ಮೇಳನ ರೋಧದ ಅಳತೆಗೆ ಓಮ್ ಎಂಬ ಹೆಸರನ್ನು ಸ್ಥಿರಪಡಿಸಿತು. ವೋಲ್ಟಾ ಮತ್ತು ಆಂಪಿಯರ್ ಎಂಬ ಇಬ್ಬರು ಕಥೋಲಿಕ ವಿಜ್ಞಾನಿಗಳ ಹೆಸರುಗಳ ಪಕ್ಕದಲ್ಲಿ ಆ ಹೆಸರು ಇಂದಿಗೂ ನಿಂತಿದೆ.

ಪ್ರಿಯ ತಂದೆತಾಯಿಯರೇ, ದಾರಿ ತಪ್ಪುತ್ತಿದ್ದ ಮಗನ ಮೇಲೆ ಆ ಬಡ ತಂದೆ ಕಠಿಣರಾದರು. ಆದರೆ ಅದಕ್ಕೂ ಮೊದಲು ಮಗನ ಪಕ್ಕದಲ್ಲಿ ಕುಳಿತು ಕಲಿಸಿದ್ದರು. ಇಂದು ಸಂಜೆ ಮಕ್ಕಳೊಡನೆ ಮನೆಯ ಕರೆಂಟು ಬಿಲ್ಲನ್ನು ಬಿಡಿಸಿ ಕುಳಿತುಕೊಳ್ಳಿ. ಲೆಕ್ಕವನ್ನು ಕೂಡಿ ಮಾಡಿ.