ಟಿ.ಎಸ್. ಸತ್ಯನ್: ಮಕ್ಕಳ ಜೊತೆ ಅವರ ಲೋಕವನ್ನೂ ಕಂಡ ಕ್ಯಾಮರಾ

ಬಾದಾಮಿಗೆ ಹೋದ್ರೆ ಅಗಸ್ತ್ಯತೀರ್ಥದ ದಂಡೆಯಲ್ಲಿ ಆಡೋ ಹುಡುಗರು, ಇಳಕಲ್ಲಿಗೆ ಹೋದ್ರೆ ಮಗ್ಗದ ಮನೆಯ ಪುಟಾಣಿಗಳು. ನಮ್ಮ ಮೊಬೈಲು ತಾನಾಗೇ ಜೇಬಿನಿಂದ ಹೊರಗೆ ಬರ್ತದೆ. ಹಾಗಾಗಿ ಈ ಸಲ ಮಕ್ಕಳ ಚಿತ್ರಗಳಿಗೇ ಹೆಸರಾದ ಟಿ.ಎಸ್. ಸತ್ಯನ್ ಅವರನ್ನ ನೆನೆಯೋಣ ಅಂತ ನಾವು ನಿರ್ಧರಿಸಿದೆವು.

ಸತ್ಯನ್ ಹುಟ್ಟಿದ್ದು 1923ರ ಡಿಸೆಂಬರ್ 18ರಂದು, ಮೈಸೂರಿನಲ್ಲಿ. ಓದಿದ್ದು ಮಹಾರಾಜ ಕಾಲೇಜಿನಲ್ಲಿ. 1948ರಲ್ಲಿ ಬೆಂಗಳೂರಲ್ಲಿ ಡೆಕ್ಕನ್ ಹೆರಾಲ್ಡ್ ಶುರುವಾದಾಗ ಅದರ ಛಾಯಾಗ್ರಾಹಕರಾದರು. ಮುಂದೆ ದೆಹಲಿ ಸೇರಿ ಲೈಫ್‌ನಂಥ ಪತ್ರಿಕೆಗಳಿಗೆ, ವಿಶ್ವ ಆರೋಗ್ಯ ಸಂಸ್ಥೆಗೆ, ಯುನಿಸೆಫ್‌ಗೆ ಚಿತ್ರ ತೆಗೆದರು. ದೊಡ್ಡ ದೊಡ್ಡವರು ಕ್ಯಾಮರಾ ಮುಂದೆ ನಿಂತರೂ ಅವರ ಮನಸ್ಸು ಇದ್ದದ್ದು ಸಾಮಾನ್ಯ ಮಂದಿಯ ಮೇಲೆ. 1977ರಲ್ಲಿ ಪದ್ಮಶ್ರೀ ಬಂತು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನಗೊಂಡವು.

ಅವರ ಚಿತ್ರಗಳಿಂದ ನಾವು ಕಲಿತದ್ದು ಇಷ್ಟು: ಮಗು ಅಂದ್ರೆ ಬರೀ ಮುದ್ದು ಮುಖವಲ್ಲ, ಅಯ್ಯೋ ಅನ್ನಿಸೋ ವಸ್ತುವೂ ಅಲ್ಲ. ಅದಕ್ಕೊಂದು ಮನೆ, ಓಣಿ, ಆಟ ಇರ್ತದೆ. ಇಳಕಲ್ಲಿನ ಸಣ್ಣ ಕೋಣೆಯಲ್ಲಿ ಕುಣಿಮಗ್ಗ, ನೇಯುವ ತಾಯಿ, ಪಕ್ಕದಲ್ಲಿ ಮಗು ಮೂವರೂ ಒಂದೇ ಚಿತ್ರದಲ್ಲಿ ಬರಬೇಕಂದ್ರೆ ಹಿಂದೆ ಸರಿಯಲು ಜಾಗವೇ ಇರಲ್ಲ. ಅಲ್ಲಿ ಬೇಕಾಗೋದೇ ವೈಡ್ ಆ್ಯಂಗಲ್ ಲೆನ್ಸ್. ಫುಲ್‌ಫ್ರೇಮ್ ಕ್ಯಾಮರಾದಲ್ಲಿ 50 ಮಿ.ಮೀ. ಲೆನ್ಸ್ ಕರ್ಣದಲ್ಲಿ ಸುಮಾರು 47 ಡಿಗ್ರಿ ನೋಡಿದರೆ, 24 ಮಿ.ಮೀ. ಲೆನ್ಸ್ 84 ಡಿಗ್ರಿ ನೋಡ್ತದೆ.

ಆದ್ರೆ ಒಂದು ಲೆಕ್ಕ ಮಾಡಿ ನೋಡ್ರಿ. ಮೂಗಿಗೂ ಕಿವಿಗೂ 10 ಸೆಂ.ಮೀ. ಅಂತರ ಅಂತಿಟ್ಟುಕೊಳ್ಳೋಣ. ಲೆನ್ಸು ಮೂಗಿನಿಂದ 30 ಸೆಂ.ಮೀ. ದೂರದಲ್ಲಿದ್ರೆ, ಕಿವಿಗಿಂತ ಮೂಗು 33% ಹಿಗ್ಗಿ ಕಾಣ್ತದೆ. 150 ಸೆಂ.ಮೀ. ದೂರದಲ್ಲಿದ್ರೆ 7% ಅಷ್ಟೇ. ಅಂದ್ರೆ ಮುಖ ಕೆಡಿಸೋದು ಲೆನ್ಸಲ್ಲ, ನಾವು ನಿಂತ ದೂರ. ಮುಖ ಚಿತ್ರದ ಅಂಚಿಗೆ ಹೋದ್ರೆ ಮಾತ್ರ ವೈಡ್ ಲೆನ್ಸು ಅದನ್ನ ಎಳೀತದೆ. ಹತ್ತಿರ ನಿಂತು ಮೇಲಿನಿಂದ ತೆಗೆದ್ರೆ ತಲೆ ದೊಡ್ಡದು, ಕಾಲು ಗಿಡ್ಡ. ಆದ್ದರಿಂದ ಮಗುವಿನ ಕಣ್ಣಿನ ಎತ್ತರಕ್ಕೆ ಕೂತು, ಒಂದೂವರೆ ಮೀಟರ್ ದೂರ ಬಿಟ್ಟು, ಮುಖವನ್ನ ನಡುವಿಗೆ ಇಟ್ಟುಕೊಳ್ರಿ.

ಸತ್ಯನ್ ಕೊನೆಗಾಲದಲ್ಲಿ ಮೈಸೂರಿನಲ್ಲೇ ಇದ್ದರು, ತಮ್ಮ ನೆನಪುಗಳನ್ನ ಪುಸ್ತಕ ಮಾಡಿದರು. 2009ರ ಡಿಸೆಂಬರ್ 13ರಂದು ತೀರಿಕೊಂಡರು. ಮುಂದಿನ ಸಲ ಹುನಗುಂದ, ಬಾದಾಮಿ ಕಡೆ ಹೋಗೋರಿಗೆ ನಮ್ಮದೊಂದು ಕೋರಿಕೆ: ಮೊದಲು ಮಗುವನ್ನೂ ಮನೆಯವರನ್ನೂ ಕೇಳ್ರಿ. ಬೇಡ ಅಂದ್ರೆ ಬಿಡ್ರಿ. ಹೂಂ ಅಂದ್ರೆ, ಒಂದು ಪ್ರಿಂಟ್ ಹಾಕಿಸಿ ಆ ಮನೆಗೆ ಮುಟ್ಟಿಸ್ರಿ.